ಯಜಮಾನರ ಕಿವಿಗೆ ಹಾಕಿದವರು

ಮೆಷಿನ್ನಿನ ಗಾಜಿನ ಹಿಂದೆ ಹಾಲಿನಂಥ ಕೂಲೆಂಟ್ ನೀರು ರಾಚುತ್ತಿದೆ, ಹಿತ್ತಾಳೆಯ ಚೂರು ಚಿಮ್ಮುತ್ತಿದೆ, ಈ ಬುಶ್ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು, ಬಾಗಿಲು ತೆಗೆ, ಚಕ್ಕಿನ ಹಿಡಿತದಿಂದ ಬಿಡಿಸು, ಹೊಸ ತುಂಡು ಕಚ್ಚಿಸು, ಬಾಗಿಲು ಮುಚ್ಚು, ಹಸಿರು ಗುಂಡಿ ಒತ್ತು — ಕೈ ತನ್ನ ಪಾಡಿಗೆ ತಾನು ಮಾಡುತ್ತದೆ, ಅವಳ ಕೈ ನಡುಗುವುದಿಲ್ಲ, ನಡುಗುವುದು ಅಪ್ಪನ ಕೈ, ಹಾಗಂತ ಶೆಡ್ಡಿನ ಯಜಮಾನರಿಗೆ ಹೇಳಿದವಳು ಇವಳೇ. ಅಪ್ಪನ ಹಳೇ ಲೇತ್ ಇದ್ದದ್ದು ಇಲ್ಲೇ, ತಿರುಗಿಸಿ ತಿರುಗಿಸಿ ಅದರ ಹಿಡಿಕೆ ಕನ್ನಡಿಯಂತಾಗಿತ್ತು, ಅದನ್ನು ಎತ್ತಿಕೊಂಡು ಹೋದ ದಿನ ಅಪ್ಪ ತಲೆನೋವು ಕಣಮ್ಮ ಅಂದ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಸುಳ್ಳನ್ನೇನೂ ಹೇಳಲಿಲ್ಲವಲ್ಲ, ತಿರುಗುವ ಚಕ್ಕಿನ ಹತ್ತಿರ ಆ ಕೈ, ಅಂಗಿಯ ತೋಳು ಸಿಕ್ಕಿಕೊಂಡಿದ್ದರೆ, ಹೆತ್ತ ಮಗಳು ಹೆದರಿದ್ದು ತಪ್ಪೇ — ಹೆದರಿದ್ದೇನೋ ನಿಜ, ಆದರೆ ಹೊಸ ಮೆಷಿನ್ನಿನ ಚಿತ್ರ ತೋರಿಸಿ ಇದನ್ನ ಯಾರು ನಡೆಸ್ತಾರಮ್ಮ ಅಂತ ಯಜಮಾನರು ಕೇಳಿದ ಮೇಲಲ್ಲವೇ ಅಪ್ಪನ ಕೈ ನೆನಪಾದದ್ದು, ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಳಲ್ಲ. ಬಾಗಿಲು ತೆಗೆ, ಒದ್ದೆ ಬುಶ್ಶನ್ನು ಒರೆಸು, ಮೈಕ್ರೋಮೀಟರ್ ಅಳತೆ ಸರಿ ಅನ್ನುತ್ತದೆ, ಎಲ್ಲ ಸರಿ, ಮತ್ತೆ ಹಸಿರು ಗುಂಡಿ — ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಅಪ್ಪ, ಅವಳು ಮರೆತು ಬಂದ ಊಟದ ಡಬ್ಬಿ ಹಿಡಿದುಕೊಂಡು. ವೆಲ್ಡರ್ ಮಾವ ಮುಖದ ಕವಚ ಮೇಲೆತ್ತಿ, ಏನಪ್ಪಾ ಆಸಾಮಿ, ನೆಂಟರ ಥರ ಅಲ್ಲೇ ನಿಂತ್ಯಲ್ಲ, ಬಾ ಟೀ ಕುಡಿಯೋಣ ಅನ್ನುತ್ತಾನೆ, ಅಪ್ಪ ಕೇಳಿಸದವನಂತೆ ದಾಟಿ ಬರುತ್ತಾನೆ, ಒಂದೇ ಲೋಟದ ಟೀಯನ್ನು ಹಂಚಿಕೊಂಡು ಮುದುಕರಾದ ಗೆಳೆಯರು, ಈಗ ಮಾತಿಲ್ಲ ಕತೆಯಿಲ್ಲ. ಅವನೇ ಕಣೇ ಕಿವಿಗೆ ಹಾಕಿದ್ದು, ಊಟಕ್ಕೆ ಕೂತಾಗೆಲ್ಲ ಅಪ್ಪನದು ಅದೇ ರಾಗ, ನನ್ನ ಕೈ ವಿಷಯ ಅವನೊಬ್ಬನಿಗೇ ಗೊತ್ತಿದ್ದಿದ್ದು, ಇನ್ನೇನು ಹೊಟ್ಟೇಲಿ ಹುಟ್ಟಿದ ನೀನು ಹೇಳ್ತೀಯಾ — ಇವಳು ತಟ್ಟೆ ನೋಡುತ್ತ ಹ್ಞೂಂ ಅಂದಿದ್ದಳು. ಪಾಪ, ಮಾವನಿಗೆ ತಾನು ಮಾಡಿದ್ದೇನು ಅಂತ ಇವತ್ತಿಗೂ ಗೊತ್ತಿಲ್ಲ, ನಿಮ್ಮಪ್ಪನಿಗೆ ಏನಾಗಿದೆಯಮ್ಮ ಅಂತ ಇವಳನ್ನೇ ಕೇಳುತ್ತಾನೆ, ಇವಳನ್ನೇ. ತಗೋ ಡಬ್ಬಿ, ಅಪ್ಪನ ಗೊಗ್ಗರು ದನಿ, ಮನೆ ಮುರುಕ, ಇನ್ನೂ ಹಲ್ಲು ಕಿರೀತಾನೆ ನೋಡು — ಅವಳು ಮೆಷಿನ್ ನಿಲ್ಲಿಸಿದಳು, ಸದ್ದು ಅಡಗಿತು, ಈಗ ಹೇಳದಿದ್ದರೆ ಮತ್ತೆ ಹಸಿರು ಗುಂಡಿ, ಮತ್ತೆ ಹ್ಞೂಂ — ಮಾವ ಅಲ್ಲಪ್ಪ, ನಾನು, ನಾನೇ ಹೇಳಿದ್ದು. ನೀನಾ. ಹೌದಪ್ಪ. ಬೈಯಲಿ, ಕೆನ್ನೆಗೆ ಬಾರಿಸಲಿ, ಡಬ್ಬಿ ನೆಲಕ್ಕೆ ಕುಕ್ಕಲಿ — ಏನೂ ಇಲ್ಲ, ಅದನ್ನು ಮೆಷಿನ್ನಿನ ಪಕ್ಕ ಮೆಲ್ಲಗೆ ಇಡುತ್ತಾನೆ, ಮುಚ್ಚಳ ಟಕಟಕ ಅನ್ನುತ್ತದೆ, ಬೆಳಿಗ್ಗೆ ಬೆಳಿಗ್ಗೆ ಅಂಗಿ ಗುಂಡಿ ಹಾಕಮ್ಮ ಅಂತ ತೋಳು ಸಮೇತ ಅವಳ ಮುಂದೆ ಚಾಚುತ್ತಿದ್ದ ಕೈ, ಅವಳಿಂದ ಎಂದೂ ಮರೆಮಾಡದ ಕೈ, ಅವಳ ಮುಖ ನೋಡುತ್ತಲೇ ಅದನ್ನು ಜೇಬಿನೊಳಕ್ಕೆ ಇಳಿಸುತ್ತಾನೆ, ಅನ್ಯರೆದುರು ಬಚ್ಚಿಡುವಂತೆ, ಆಮೇಲೆ ತಿರುಗಿ ವೆಲ್ಡರ್ ಮಾವನ ಹತ್ತಿರ ಹೋಗುತ್ತಾನೆ, ಏನೋ ಹೇಳುತ್ತಾನೆ, ಮಾವ ಲೋಟ ಕೊಡುತ್ತಾನೆ, ಅಪ್ಪ ಎಡಗೈಯಲ್ಲಿ ತೆಗೆದುಕೊಳ್ಳುತ್ತಾನೆ, ಬಲಗೈ ಜೇಬಿನಲ್ಲೇ, ಇತ್ತ ಬೆನ್ನು, ಆ ಜೇಬು, ಬಟ್ಟೆಯೊಳಗೆ ನಡುಗುತ್ತಿರುವ ಆ ಕೈ, ಆ ಕೈ