ಮೇಲಂತಸ್ತಿನ ಕಲ್ಲುಗೋಡೆ

ಅಪ್ಪ ಕಲ್ಲು ಕಟ್ಟುವ ಮೇಸ್ತ್ರಿ, ಕಿರಿಮಗಳು ಪೇಂಟರ್. "ಕಟ್ಟೋದು ಬೇರೆ, ಬಳಿಯೋದು ಬೇರೆ" ಅನ್ನುವುದು ಅಪ್ಪನ ಹಳೇ ಪಲ್ಲವಿ. ಮಗಳು ಎಷ್ಟೇ ಚೆನ್ನಾಗಿ ಬಳಿದರೂ ಅವರ ಬಾಯಲ್ಲಿ ಅದು ಕೆಲಸ ಅನ್ನಿಸಿಕೊಂಡಿರಲಿಲ್ಲ. ಒಮ್ಮೆಯಾದರೂ ಅನ್ನಿಸಿಕೊಳ್ಳಬೇಕೆಂಬುದು ಅವಳ ಹಟ.

ಅಕ್ಕ ಮೇಲಂತಸ್ತಿನಲ್ಲಿ ಮನೆ ಮಾಡಿದಾಗ ಹಜಾರಕ್ಕೆ ಕಲ್ಲಿನ ಗೋಡೆಯೇ ಬೇಕೆಂದು ಪಟ್ಟು ಹಿಡಿದಳು. ಅಷ್ಟು ಭಾರ ಈ ನೆಲ ತಡೆಯುವುದಿಲ್ಲವೆಂದು ಅಪ್ಪನೇ ಹೇಳಿದರು.

"ಹಾಗಾದ್ರೆ ಇವಳೇ ಬಣ್ಣದಲ್ಲಿ ಕಲ್ಲು ಬಿಡಿಸ್ಲಿ ಬಿಡಪ್ಪ" ಎಂದಳು ಅಕ್ಕ. ಅಪ್ಪ ಮೂಗು ಮುರಿದರು.

ಕಿರಿಯವಳು ಟೊಂಕ ಕಟ್ಟಿದಳು. ಬೂದುಬಣ್ಣ ಬಳಿದಳು, ಸ್ಪಂಜು ಒತ್ತಿ ಮಚ್ಚೆ ಎಬ್ಬಿಸಿದಳು, ಕಲ್ಲುಗಳ ನಡುವಿನ ಸಂದು ಎಳೆದಳು. ಎಷ್ಟು ಅಚ್ಚುಕಟ್ಟೆಂದರೆ, ಒಂದು ಸಂದಿನ ಕೆಳಗೆ ನೆಟ್ಟಗೆ ಇನ್ನೊಂದು ಸಂದು. ಅಪ್ಪ ಬಾಗಿಲಲ್ಲೇ ನಿಂತು ನಕ್ಕರು.

"ಸಂದಿನ ಮೇಲೆ ಸಂದು ಬಂದ್ರೆ ಗೋಡೆ ನಿಲ್ಲುತ್ತೇನಮ್ಮ? ಸೀಳ್ಕೊಂಡು ಹೋಗುತ್ತೆ."

"ಬಣ್ಣ ಎಲ್ಲಿ ಸೀಳುತ್ತಪ್ಪ?"

"ಗೋಡೆಗೆ ಗೊತ್ತಾಗ್ದೇ ಇರಬಹುದು. ನೋಡೋ ಕಣ್ಣಿಗೆ ಗೊತ್ತಾಗುತ್ತೆ."

ಅವಳಿಗೆ ಮೈಯೆಲ್ಲ ಉರಿಯಿತು. ಅವರ ಮಾತು ನಿಜವಾಗಿತ್ತೆಂಬುದಕ್ಕೆ ಇನ್ನೂ ಉರಿಯಿತು. ಇಡೀ ಗೋಡೆಗೆ ಮತ್ತೆ ಬೂದು ಹೊಡೆದು ಬುಡದಿಂದ ಶುರುಮಾಡಿದಳು. ದೊಡ್ಡ ಕಲ್ಲು ಕೆಳಕ್ಕೆ, ಉದ್ದನೆಯದು ಮೂಲೆಗೆ, ಪ್ರತಿ ಸಂದಿನ ಮೇಲೂ ಒಂದು ಕಲ್ಲಿನ ನಡು. ಚಿಕ್ಕಂದಿನಲ್ಲಿ ಅಪ್ಪನಿಗೆ ಬುತ್ತಿ ಒಯ್ದಾಗ ನೋಡಿದ್ದೆಲ್ಲ ಈಗ ಕೈಗೆ ಬಂತು. ಕಿಟಕಿಯ ಬೆಳಕು ಬೀಳುವ ಕಡೆ ಬಿಳಿ ಅಂಚು, ಆಚೆ ಕಡೆ ನೆರಳು. ಕೊನೆಗೆ ಹಳೇ ಟೂತ್‌ಬ್ರಷ್ಷಿನಿಂದ ಅಲ್ಲಲ್ಲಿ ಕಪ್ಪು ಚಿಮುಕಿಸಿದಳು.

ಬಣ್ಣ ಒಣಗಿದ ಮೇಲೆ ಅಪ್ಪ ಬಂದರು. ಸಾಲುಸಾಲಾಗಿ ಕಣ್ಣಾಡಿಸುತ್ತ ಹುಬ್ಬು ಗಂಟಿಕ್ಕಿ ಗೋಡೆಯ ಹತ್ತಿರಕ್ಕೆ ಹೋದರು. ಜೀವಮಾನದ ಅಭ್ಯಾಸ ಎಲ್ಲಿ ಹೋದೀತು? ಗಾರೆ ಗಟ್ಟಿಯಿದೆಯೇ ನೋಡಲು ಹೆಬ್ಬೆರಳಿನ ಉಗುರನ್ನು ಸಂದಿಗೆ ತುರುಕಲು ಹೋದರು. ಉಗುರು ನುಣ್ಣಗೆ ಜಾರಿತು.

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಉಗುರನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ, ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿರಿಯವಳಿಗೆ ಕುಣಿದುಬಿಡುವಷ್ಟು ಖುಷಿ. ಕುಂಚ ತೊಳೆಯುವ ನೆಪದಲ್ಲಿ ತಲೆ ತಗ್ಗಿಸಿದಳು.

ನಗು ಕೇಳಿ ಕೆಳಮನೆಯಾಕೆ ಮೆಟ್ಟಿಲು ಹತ್ತಿ ಬಂದು ಇಣುಕಿದರು. ಗೋಡೆ ನೋಡಿದ್ದೇ ಅವರ ಮುಖ ಬಿಳಿಚಿಕೊಂಡಿತು.

"ಏನ್ರೀ ಮೇಸ್ತ್ರಿಗಳೇ, ಇಷ್ಟೊಂದು ಕಲ್ಲು ಇಲ್ಲಿ ಯಾರು ಕಟ್ಟಿದ್ದು? ನಮ್ಮ ತಲೆ ಮೇಲೆ ಬಿದ್ರೆ ಏನ್ ಗತಿ?"

ಅಪ್ಪ ಎದೆ ಸೆಟೆಸಿ ನಿಂತರು.

"ಬೀಳಲ್ಲ ಬಿಡಿ. ಕಟ್ಟಿರೋದು ನನ್ನ ಮಗಳು."