ಬಲೆಯಲ್ಲಿ ಸಿಕ್ಕ ಹಳದಿ

ಸುಧಾಳ ಡಬ್ಬಿಯಲ್ಲಿ ಚಿತ್ರಾನ್ನ ಕಂಡದ್ದೇ ತಡ, ಉಮಾಮಹೇಶ್ವರಿಗೆ ಕಳ್ಳಿ ಸಿಕ್ಕಿಬಿದ್ದಳೆನಿಸಿತು.

ಶಿರಾ ಗೇಟ್ ಹತ್ತಿರ ಉಮಾಳದು ಮೂರು ಮೆಷಿನ್ನಿನ ಹೊಲಿಗೆ ಅಂಗಡಿ. ಹಿಟ್ಟಿನ ಮಿಲ್ಲುಗಳಿಗೆ ಜರಡಿ ಬಟ್ಟೆ ಹೊಲಿದು ಪಳಗಿದ ಕೈ ಎಂದು ಕೇಳಿ ಸಮುದ್ರ ಸಂಶೋಧನಾ ಸಂಸ್ಥೆಯ ಜಯಪ್ರಕಾಶ್ ಹುಡುಕಿಕೊಂಡು ಬಂದಿದ್ದರು. ಹಡಗಿನವರು ಇಷ್ಟು ದಿನ ಕಡಲಿನ ಬಿಸಿ, ಉಪ್ಪು ಅಳೆದು ದೇಶದೇಶಗಳ ಲೆಕ್ಕಕ್ಕೆ ಸೇರಿಸುತ್ತಿದ್ದರಂತೆ. ಇನ್ನು ಮೇಲೆ ನೀರಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಪುಟಾಣಿ ಜೀವಗಳನ್ನೂ ಎಣಿಸಬೇಕಂತೆ. ಅವನ್ನು ಸೋಸಲು ಲಾಳಿಕೆಯಂಥ ಉದ್ದನೆಯ ಬಲೆ ಬೇಕು. "ಮೀನು ಹಿಡಿಯಕ್ಕಲ್ವಂತೆ, ಮೀನು ತಿನ್ನೋ ಧೂಳು ಹಿಡಿಯಕ್ಕಂತೆ!" ಎಂದು ಸುಧಾ ನಕ್ಕಿದ್ದಳು.

ಈಗ ನಗುವ ಹಾಗಿರಲಿಲ್ಲ. ಮಾದರಿಗೆ ಕಳಿಸಿದ ಬಲೆಯನ್ನು ಸಂಸ್ಥೆಯವರು ಜಾಲಿಸಿ ನೋಡಿದರೆ ನೀರಿನಲ್ಲಿ ಹಳದಿ ಕಣ. "ಇದನ್ನೂ ಜೀವ ಅಂತ ಎಣಿಸಿಬಿಟ್ರೆ ಲೆಕ್ಕವೆಲ್ಲ ಸುಳ್ಳಾಗುತ್ತಲ್ಲಮ್ಮಾ," ಎಂದು ಜಯಪ್ರಕಾಶ್ ಫೋನಿನಲ್ಲಿ ರೇಗಿದ್ದರು.

ಆ ಬಲೆ ಹೊಲಿದವಳು ಸುಧಾ, ಕೊತ್ತಗೆರೆಯಿಂದ ದಿನಾ ಬಸ್ಸಿಗೆ ಬರುವವಳು.

"ಮೆಷಿನ್ ಮುಂದೇನೇ ಕೂತು ತಿಂತೀಯೇನೇ?"

"ಮೆಟ್ಲ ಮೇಲೆ ತಿನ್ನೋದು ನೀವೇ ನೋಡ್ತೀರಲ್ಲಕ್ಕ."

"ಕೈ ತೊಳೀತೀಯಾ?"

"ಮೂಸ್ ನೋಡ್ತೀರಾ?"

ಇಷ್ಟು ಎದುರು ಮಾತು ಬಂತೆಂದರೆ ಒಳಗೆ ಹುಳುಕಿದೆ ಎಂದೇ ಉಮಾ ಎಣಿಸಿದಳು. "ಈ ಸಲಾನೂ ಹಳದಿ ಸಿಕ್ತು ಅಂದ್ರೆ ಕೆಲ್ಸಕ್ಕೆ ಬರೋದ್ ಬ್ಯಾಡ ಕಣೇ," ಅಂದಳು.

ವಾರವಿಡೀ ಕಾವಲು. ಸುಧಾಳ ಉಗುರಿನ ಸಂದು, ಸೆರಗಿನ ಅಂಚು, ಕೆನ್ನೆಗೆ ಹಚ್ಚಿದ ಅರಿಶಿನ ಬೆವರಿಗೆ ಇಳಿದಿದೆಯೇ ಎಂದು ಕಿವಿಯ ಹಿಂಭಾಗವನ್ನೂ ಉಮಾ ಬಿಡಲಿಲ್ಲ. ಏನೂ ಸಿಗಲಿಲ್ಲ. ಏನೂ ಸಿಗದಿದ್ದದ್ದೇ ಅವಳ ಅನುಮಾನಕ್ಕೆ ಇನ್ನಷ್ಟು ತುಪ್ಪ ಸುರಿಯಿತು.

ಶುಕ್ರವಾರ ಆರ್ಡರಿನ ಹತ್ತು ಬಲೆ ತಯಾರಾದವು. ಉಮಾ ಊದುಬತ್ತಿ ಹಚ್ಚಿ, ಒಂದೊಂದೇ ಬಲೆಯ ಬಾಯಿಗೆ ಅರಿಶಿನದ ಬೊಟ್ಟಿಡುತ್ತ ಬಂದಳು. ಮೂರಾಯಿತು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಮೆಷಿನ್ನಿನ ಸದ್ದು ನಿಂತಿತು. ಸುಧಾ ಅವಳ ಬೆರಳನ್ನೇ ನೋಡುತ್ತಿದ್ದಳು.

ಬೆರಳು ಗಾಳಿಯಲ್ಲೇ ಉಳಿಯಿತು. ಅತ್ತೆ ಕಲಿಸಿದ ರೂಢಿ. ಅರಿಶಿನ ಮುಟ್ಟಿಸದ ಮಾಲು ಹೊಸ್ತಿಲು ದಾಟಿದ್ದೇ ಇಲ್ಲ, ಮಾದರಿಯ ಬಲೆಯೂ. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ನಿಂಗ್ ಗೊತ್ತಿತ್ತೇನೇ?"

"ಬುಧವಾರ ಜರಡಿ ಬಟ್ಟೆಗೆ ನೀವು ಬೊಟ್ಟಿಟ್ಟಾಗ್ಲೇ ಹೊಳೀತು."

"ಬಾಯ್ ಬಿಡಕ್ಕೇನಾಗಿತ್ತು?"

"ಬಿಟ್ಟಿದ್ರೆ ನಂಬ್ತಿದ್ರಾ? ದೇವರ ಮೇಲೇ ತಪ್ಪು ಹಾಕ್ತಾಳೆ ಮುಂಡೇದು ಅಂತಿದ್ರಿ."

ಖಂಡಿತ ಹಾಗೇ ಅನ್ನುತ್ತಿದ್ದಳು. ಉಮಾ ಜಯಪ್ರಕಾಶ್‌ಗೆ ಫೋನ್ ಮಾಡಿ ಅರಿಶಿನದ ಬೊಟ್ಟಿನ ವಿಷಯ ಹೇಳಿದಳು. "ಯಾರ ಕೈಯಮ್ಮಾ ಅದು?" ಎಂದು ಅವರು ಕೇಳಿದರು. "ನಂದೇ ಸಾರ್. ಆ ಹುಡುಗೀದೇನೂ ಇಲ್ಲ." ಮೂರನ್ನೂ ತೊಳೆದು ಕಳಿಸಿ ಎಂದರು.

ಸುಧಾಳೇ ಬಕೆಟ್ಟಿನಲ್ಲಿ ಜಾಲಿಸಿ ಒಣಹಾಕಿದಳು. ಸಂಜೆ ಚಪ್ಪಲಿ ಮೆಟ್ಟುವಾಗ ಉಮಾ ಕೇಳಿದಳು, "ನಾಳೆ ಬರ್ತೀಯಲ್ವೇ?"

"ಗುಬ್ಬೀಲಿ ಯಾರೋ ಟೈಲರಿಂಗ್‌ಗೆ ಕರೀತಾವ್ರೆ ಅಕ್ಕ. ಹೇಳ್ ಕಳಿಸ್ತೀನಿ ಬುಡಿ."

ನಿಜವೋ ಸುಳ್ಳೋ ಎಂದು ಉಮಾ ಅವಳ ಮುಖದಲ್ಲಿ ಹುಡುಕಿದಳು. ಈ ಸಲವೂ ಏನೂ ಸಿಗಲಿಲ್ಲ.