ಭಾನುವಾರದ ನೀರು

ಬೇಸಿಗೆ ಬಂತೆಂದರೆ ಅಮೃತೂರು ಕಡೆಯ ಆ ಊರಲ್ಲಿ ನೀರಿನದೇ ಜಗಳ. ಎಂಬತ್ಮೂರನೇ ಇಸವಿಯಲ್ಲಂತೂ ಊರಬಾವಿ ತಳ ಕಂಡಿತ್ತು. ಕೆರೆಯ ಗುಂಡಿಯಲ್ಲಿ ದನ ಕುಡಿದ ನೀರನ್ನೇ ಜನರೂ ಮೊಗೆದು ತರುತ್ತಿದ್ದರು. ಮನೆಮನೆಯಲ್ಲೂ ವಾಂತಿಭೇದಿ.

ಒಳ್ಳೆ ನೀರಿದ್ದದ್ದು ಒಂದೇ ಕಡೆ, ಕೇರಿಯ ಚರ್ಚ್ ಕಾಂಪೌಂಡಿನ ಬೋರ್‌ವೆಲ್‌ನಲ್ಲಿ. ಗೇಟಿಗೆ ಬೀಗ, ಬೀಗದ ಕೈ ಉಪದೇಶಿ ಸಮಾಧಾನಪ್ಪನ ಸೊಂಟದಲ್ಲಿ. ಭಾನುವಾರ ಆರಾಧನೆಗೆ ಬಂದವರಿಗೆ ಮಾತ್ರ ನೀರು ಅಂತ ಅವನೇ ಕಾನೂನು ಮಾಡಿದ್ದ. ಮನುಷ್ಯ ಕೆಟ್ಟವನಲ್ಲ. ಬಿಸಿಲೆನ್ನದೆ ಸೈಕಲ್ ತುಳಿದು ಕುಣಿಗಲ್ ತನಕ ಯೇಸುವಿನ ಸುವಾರ್ತೆ ಸಾರಿ ಬರುವವನು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ.

ಒಂದು ಭಾನುವಾರ ಮೇಲಿನ ಬೀದಿಯ ಗಂಗಲಕ್ಷ್ಮಮ್ಮ ಬಿಂದಿಗೆ ಹಿಡಿದು ಬಂದು ಚರ್ಚಿನ ಕೊನೇ ಸಾಲಿನಲ್ಲಿ ಕೂತಳು. ಸಮಾಧಾನಪ್ಪನಿಗೆ ಸ್ವರ್ಗ ಮೂರೇ ಗೇಣು! ಖುಷಿಗೆ ಪ್ರಸಂಗವನ್ನು ಇನ್ನೂ ಅರ್ಧ ಗಂಟೆ ಎಳೆದ. ಆ ಹೆಂಗಸು ಮಾತ್ರ ಬಾಗಿಲ ಕಡೆಯೇ ನೋಡುತ್ತಿದ್ದಳು.

ಮುಗಿದ ಮೇಲೆ ಸಮಾಧಾನಪ್ಪನ ಹೆಂಡತಿ ಕರುಣಮ್ಮ ಆ ಹೆಂಗಸಿನ ಹತ್ತಿರ ಹೋದಳು. ತುಮಕೂರಿನಲ್ಲಿ ಸೂಲಗಿತ್ತಿ ಟ್ರೈನಿಂಗ್ ಮುಗಿಸಿ ಬಂದವಳು ಅವಳು.

"ಯಾಕವ್ವಾ, ಅಳ್ತಾ ಇದೀಯ?"

"ಮೊಮ್ಮಗು ಒಂದೇ ಸಮ ಭೇದಿ ಮಾಡ್ಕತಾ ಅದೆ. ಕೆರೆ ನೀರು ಕುಡಿಸ್ಬ್ಯಾಡ ಅಂದಿದ್ದೆ ನೀನು. ಇಲ್ಲಿ ಕೂತ್ರೆ ತಾನೆ ಒಳ್ಳೆ ನೀರು ಕೊಡೋದು? ಅದ್ಕೇ ಕೂತಿವ್ನಿ ಕಣವ್ವ."

ಕರುಣಮ್ಮನ ಮೈಯೆಲ್ಲ ಉರಿಯಿತು. ಗಂಡನ ಸೊಂಟದಿಂದ ಕೀಲಿ ಕಿತ್ತುಕೊಂಡು ಗೇಟು ತೆಗೆದಳು. ನೀರು ತುಂಬಿಸಿ ಅವಳ ಜೊತೆಯೇ ಓಡಿದಳು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. "ಮಂಕಾದ್ರೆ ಮಾತ್ರ ತಡ ಮಾಡ್ಬೇಡಿ, ಆಸ್ಪತ್ರೆಗೆ ಎತ್ಕೊಂಡ್ ಓಡಿ" ಅಂದಳು. ಸಂಜೆ ಹೊತ್ತಿಗೆ ಮಗು ಕಣ್ಣು ಬಿಟ್ಟು ಅಜ್ಜಿಯ ಬಳೆ ಎಳೆಯಿತು.

ಕರುಣಮ್ಮ ಮನೆಗೆ ಬಂದರೆ ಸಮಾಧಾನಪ್ಪ ಕುದಿಯುತ್ತಿದ್ದ.

"ನಮ್ಮವ್ವನ ಮಡಕೆನ ಬಾವಿಕಟ್ಟೆ ಮೇಲೆ ಒಡ್ದಾಕಿದ್ದು ಇದೇ ಹೆಂಗಸು, ಮುಟ್ಬುಟ್ಟೆ ಅಂತ. ಅಂಥೋರಿಗೆ ಸುಮ್ನೆ ಯಾಕೆ ಕೊಡ್ಬೇಕು? ಬಂದು ದೇವ್ರ ವಾಕ್ಯ ಕೇಳ್ಲಿ!"

"ಅವ್ರು ಜಾತಿ ಕೇಳಿ ನೀರು ಕೊಟ್ರು, ನೀವು ಪ್ರಾರ್ಥನೆ ಕೇಳಿ ಕೊಡ್ತೀರ. ಏನ್ ಬಂತು ಭಾಗ್ಯ? ಬಾಯಾರಿದ ಮಗೂನ ಅಡ ಇಟ್ಕಂಡು ಕೇಳ್ಸಿದ್ದು ಸುವಾರ್ತೆ ಆಯ್ತದೇನ್ರೀ?"

ಸಮಾಧಾನಪ್ಪ ಬರಿದಾದ ಸೊಂಟ ತಡವಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಹಂಗಾದ್ರೆ ಯೇಸು ಹೆಸ್ರೇ ಎತ್ಬಾರ್ದಾ?"

"ಎತ್ತಿ, ಜೋರಾಗೇ ಎತ್ತಿ. ಬೀಗ ತೆಗ್ದು ಎತ್ತಿ. ಆದ್ರೆ ಸಾಲು ಒಂದೇ ಇರ್ಲಿ. ಮೇಲಿನ ಬೀದಿಗೊಂದು, ಕೇರಿಗೊಂದು ಅಂದ್ರೆ ಮಾತ್ರ ಜಗ್ಗಬೇಡಿ."

ಮರುದಿನ ಬೆಳಿಗ್ಗೆ ಸಮಾಧಾನಪ್ಪನೇ ಗೇಟು ತೆರೆದ. ಊರಿಗೆ ಊರೇ ಬಂತು. ಊರ ಹಿರಿಯ ಚನ್ನಬಸವಯ್ಯ ಗುಡುಗಿದ, "ನಾವು ಕೇರಿಯೋರ ಹಿಂದೆ ನಿಲ್ಲೋದಾ?"

ಸಮಾಧಾನಪ್ಪ ಕೈ ಮುಗಿದು ನಿಂತ. "ಅಯ್ಯಾ, ಚರ್ಚಿಗೆ ಬನ್ನಿ ಅಂತ ಬಲವಂತ ಇಲ್ಲ. ಸಾಲಿಗೆ ಬನ್ನಿ. ನೀರು ಎಲ್ರುದೂ."

ಗಂಗಲಕ್ಷ್ಮಮ್ಮ ತನ್ನ ಬಿಂದಿಗೆಯನ್ನು ಕೇರಿಯ ಪುಟ್ಟತಾಯಮ್ಮನ ಕೊಡದ ಹಿಂದೆ ಇಟ್ಟು ಕೂಗಿದಳು, "ಬನ್ನಿ ಅಯ್ನೋರೆ, ಮಡಿ ಮಾಡ್ಕಂಡು ಸಾಯೋದ್ಕಿಂತ ಸಾಲಲ್ಲಿ ನಿಂತು ಬದ್ಕೋದು ಮೇಲು!" ಚನ್ನಬಸವಯ್ಯ ಸಿಡಿಮಿಡಿಗೊಂಡು ಮನೆಗೆ ಹೋದ. ಮಧ್ಯಾಹ್ನ ಬಿಸಿಲಿಗೆ ಬಂದು, ಯಾರಿಗೂ ಮುಖ ಕೊಡದೆ ಸಾಲಿನಲ್ಲೇ ನಿಂತ.

ಸಮಾಧಾನಪ್ಪ ಕಟ್ಟೆ ಮೇಲೆ ಕೂತು ತನ್ನ ಸ್ವಾಮಿಯ ವಿಷಯ ಹೇಳತೊಡಗಿದ. "ಬಾಯಿ ನಿಂದು, ಬಿಂದಿಗೆ ನಂದು. ತುಂಬೋಗಂಟ ಕೇಳ್ತೀನಿ ಬುಡು" ಅಂದಳು ಗಂಗಲಕ್ಷ್ಮಮ್ಮ. ಬಿಂದಿಗೆ ತುಂಬಿದ ಮೇಲೂ ಅವಳು ಹೋಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯೇಸುವಿನ ಹೆಸರನ್ನು ಧೈರ್ಯವಾಗಿ ಸಾರಿ. ಆದರೆ ನೀರಿಗೆ, ಔಷಧಿಗೆ, ಅಕ್ಷರಕ್ಕೆ ಅದನ್ನು ಷರತ್ತು ಮಾಡಬೇಡಿ. ಅನ್ಯಾಯ ಕಂಡಲ್ಲಿ, ಕೈ ಮುಗಿದಾದರೂ ಸರಿ, ಎದುರು ನಿಲ್ಲಿ. ನಿಮ್ಮ ಗೇಟನ್ನು ಇವತ್ತೇ ತೆರೆಯಿರಿ. ಬಾಯಾರಿದ ಮಗು ಭಾನುವಾರದ ತನಕ ಕಾಯುವುದಿಲ್ಲ.